ಸೊನ್ನೆ ತೋರಿಸಿದ ಕಂಪ್ಯೂಟರು

ಶಿಷ್ಯ ಕೇಳಿದ: "ಗುರುಗಳೇ, ಮೂರು ವರ್ಷಗಳಿಂದ ಹೊಸಬರಿಗೆ ಪಾಠ ಹೇಳುತ್ತಿದ್ದೇನೆ. ಈವರೆಗೆ ಒಬ್ಬರೂ ನನ್ನ ಮಾತು ತಪ್ಪು ಎಂದಿಲ್ಲ. ಶಾಖಾಮಠದ ಹೊಣೆ ನನಗೆ ವಹಿಸಬಹುದಲ್ಲವೇ?"

ಗುರುಗಳು ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. ಒಂದು ಕತೆ ಹೇಳಿದರು.

ಹೊಳೆಯ ದಂಡೆಯ ಊರೊಂದರಲ್ಲಿ ಒಬ್ಬ ಮೇಷ್ಟ್ರಿದ್ದರು. ಅವರಿಗೆ ಹ್ಯಾಮ್ ರೇಡಿಯೋ ಹುಚ್ಚು, ಅಂದರೆ ಮನೆಯಲ್ಲೇ ಸೆಟ್ಟಿಟ್ಟುಕೊಂಡು ದೂರದವರೊಡನೆ ಮಾತಾಡುವ ಹವ್ಯಾಸ. ಸುತ್ತಲಿನ ಹತ್ತಾರು ಊರುಗಳಲ್ಲಿ ರೇಡಿಯೋದಲ್ಲಿ ಮಾತಾಡುವವರೆಲ್ಲ ಅವರಲ್ಲೇ ಕಲಿತವರು. ದಿನಾ ಬೆಳಗ್ಗೆ ಏಳಕ್ಕೆ ಎಲ್ಲರೂ ಒಂದೇ ಫ್ರೀಕ್ವೆನ್ಸಿಯಲ್ಲಿ ಸೇರುತ್ತಿದ್ದರು. ಆಪತ್ತು ಬಂದರೂ ಅಲ್ಲೇ ಕೂಗಬೇಕು ಎಂಬುದು ಅವರೊಳಗಿನ ಕಟ್ಟಳೆ.

ಮೇಷ್ಟ್ರು ಒಂದು ಹೊಸ ಸೆಟ್ಟನ್ನು ಕೈಯಾರೆ ಕಟ್ಟಿದರು. ಕಟ್ಟಿದ ಸೆಟ್ಟನ್ನು ಅಳತೆಗೆ ಕೂರಿಸಬೇಕು. ಇಲ್ಲವಾದರೆ ಅದು ತೋರಿಸುವ ಅಂಕಿ ಒಂದು, ಮಾತಾಡುವ ಫ್ರೀಕ್ವೆನ್ಸಿ ಇನ್ನೊಂದು. ಕಂಪ್ಯೂಟರು ಸೆಟ್ಟಿನ ಸ್ವರ ಆಲಿಸಿ, ಎಷ್ಟು ತಪ್ಪಿದೆ ಎಂದು ಹೇಳುತ್ತದೆ. ಆದರೆ ಸರಿ ಯಾವುದು ಎಂದು ಮೊದಲು ಕಂಪ್ಯೂಟರಿಗೆ ತಿಳಿಸಬೇಕು. ಅದಕ್ಕೆ ಫ್ರೀಕ್ವೆನ್ಸಿ ಒಂದಿಷ್ಟೂ ತಪ್ಪದ, ದೂರದೇಶದಿಂದ ಸಮಯ ಸಾರುವ ಕೇಂದ್ರದ ಟಿಕ್ ಟಿಕ್ ಹಿಡಿಯಬೇಕು. ಅದು ದಿನಾ ಸಿಗುವುದಿಲ್ಲ, ಸಿಕ್ಕರೂ ಕ್ಷೀಣ. ಮೇಷ್ಟ್ರು ಎರಡು ದಿನ ಕಾದರು. ಮೂರನೆಯ ದಿನ, 'ನಲವತ್ತು ವರ್ಷದ ಕೈ ನನ್ನದು, ತಪ್ಪುತ್ತದೆಯೇ' ಎಂದುಕೊಂಡು ತಮ್ಮ ಸೆಟ್ಟೇ ಸರಿ ಎಂದು ಕಂಪ್ಯೂಟರಿಗೆ ತಿಳಿಸಿದರು. ಆಮೇಲೆ ಅದೇ ಕಂಪ್ಯೂಟರನ್ನು, ನನ್ನ ಸೆಟ್ಟು ಎಷ್ಟು ತಪ್ಪಿದೆ ಎಂದು ಕೇಳಿದರು. ಸೊನ್ನೆ ಎಂದಿತು. ಪಾಪ, ಅದಾದರೂ ಇನ್ನೇನು ಹೇಳೀತು! ಮೇಷ್ಟ್ರು ಆ ಸೊನ್ನೆಯನ್ನು ಕಾಗದದ ಮೇಲೆ ಅಚ್ಚು ಹಾಕಿಸಿ ಗೋಡೆಗೆ ಅಂಟಿಸಿದರು.

ಮರುದಿನ ಬೆಳಗ್ಗೆ ಅವರ ಧ್ವನಿ ಯಾರಿಗೂ ಅರ್ಥವಾಗಲಿಲ್ಲ, ಬಾತುಕೋಳಿ ಅರಚಿದ ಹಾಗಿತ್ತು. ಆದರೆ ಕಲಿಸಿದ ಮೇಷ್ಟ್ರಿಗೇ ಹೇಳುವುದು ಹೇಗೆ? ಒಬ್ಬೊಬ್ಬರೂ ತಮ್ಮ ಗುಂಡಿಯನ್ನು ತುಸು ತಿರುಗಿಸಿ ಮೇಷ್ಟ್ರು ಇದ್ದಲ್ಲಿಗೆ ಬಂದರು. ಧ್ವನಿ ತಿಳಿಯಾಯಿತು. ಅಂದಿನಿಂದ ಅದೇ ರೂಢಿಯಾಯಿತು.

ಆ ವರ್ಷ ಹೊಳೆ ತುಂಬಿ ಬಂತು. ಫೋನು ಸತ್ತವು. ಮೇಷ್ಟ್ರು ಬೆಳಗ್ಗೆ ಆರಕ್ಕೇ ಕೂತು, "ಯಾರಿಗಾದರೂ ನೆರವು ಬೇಕೇ" ಎಂದು ಕೂಗತೊಡಗಿದರು. ಶಿಷ್ಯರೆಲ್ಲ ಅವರಿದ್ದ ಆ ತಪ್ಪು ಫ್ರೀಕ್ವೆನ್ಸಿಯಲ್ಲೇ ಜೊತೆಗಿದ್ದರು.

ಅದೇ ಹೊತ್ತಿಗೆ ನಡುಗಡ್ಡೆಯ ಆಸ್ಪತ್ರೆಯಲ್ಲಿ ನರ್ಸೊಬ್ಬಳು ಕೂಗುತ್ತಿದ್ದಳು. ಬಾಣಂತಿಯ ರಕ್ತ ನಿಲ್ಲುತ್ತಿರಲಿಲ್ಲ, ದೋಣಿ ಬೇಕಿತ್ತು. ಆಪತ್ತಿಗೆಂದು ಅಲ್ಲಿಟ್ಟಿದ್ದ ಸೆಟ್ಟಿಗೆ ತಿರುಗಿಸುವ ಗುಂಡಿಯೇ ಇರಲಿಲ್ಲ. ಕಟ್ಟಳೆಯ ಫ್ರೀಕ್ವೆನ್ಸಿ ಒಂದೇ ಅದಕ್ಕೆ ಗೊತ್ತು. ದೂರದಲ್ಲಿ ಯಾರೋ ಅರಚುವುದು ಅವಳಿಗೆ ಕೇಳುತ್ತಿತ್ತು. ಮಾತು ತಿಳಿಯುತ್ತಿರಲಿಲ್ಲ. ಅವಳ ಸೆಟ್ಟಿನ ಶಕ್ತಿ ಕಡಿಮೆ, ಅವಳ ಮಾತು ಯಾರಿಗೂ ಮುಟ್ಟುತ್ತಿರಲಿಲ್ಲ.

ಹನ್ನೊಂದಕ್ಕೆ ಮೇಷ್ಟ್ರು, "ಯಾರಿಗೂ ತೊಂದರೆಯಿಲ್ಲ, ದೇವರು ದೊಡ್ಡವನು" ಎಂದು ಮುಗಿಸಿದರು. ಶಿಷ್ಯರಲ್ಲಿ ಬಟ್ಟೆ ಹೊಲಿಯುವ ಹೆಂಗಸೊಬ್ಬಳಿದ್ದಳು. ಸೆಟ್ಟು ಆರಿಸುವ ಮುನ್ನ ಗುಂಡಿಯನ್ನು ಸರಿಯಾದ ಅಂಕಿಗೆ ತಂದಿಡುವುದು ಅವಳ ಅಭ್ಯಾಸ. ಹಾಗೆ ತಂದಾಗ ನರ್ಸಿನ ದನಿ ಕೇಳಿತು. ಐದು ಗಂಟೆ ಕೂಗಿ ಕೂಗಿ ಆ ದನಿ ಒಡೆದಿತ್ತು.

ದೋಣಿ ಮಧ್ಯಾಹ್ನ ಒಂದು ಗಂಟೆಗೆ ನಡುಗಡ್ಡೆ ಮುಟ್ಟಿತು. ಮಗು ಉಳಿದಿತ್ತು. ತಾಯಿ ಅರ್ಧ ಗಂಟೆಯ ಹಿಂದೆ ಹೋಗಿದ್ದಳು. ಇದನ್ನು ನಿನಗೆ ಹೇಳುವಾಗ ನನಗೆ ಈಗಲೂ ಸಿಟ್ಟು ಬರುತ್ತದೆ. ಅಂದು ಯಾರೂ ಕೆಟ್ಟವರಿರಲಿಲ್ಲ, ಯಾರೂ ನಿದ್ದೆ ಮಾಡುತ್ತಿರಲಿಲ್ಲ.

ಸಂಜೆ ಮೇಷ್ಟ್ರು ಬಟ್ಟೆ ಹೊಲಿಯುವ ಆ ಹೆಂಗಸಿನ ಮನೆಗೆ ಬಂದರು.

"ನನ್ನ ಸೆಟ್ಟು ತಪ್ಪೈತಿ ಅಂತ ನಿನಗ ಮೊದಲಿಂದ ಗೊತ್ತಿತ್ತೇನವ್ವಾ?"

"ಗೊತ್ತಿತ್ರಿ ಸರ್. ನನಗಷ್ಟ ಅಲ್ರಿ, ಎಲ್ಲಾರಿಗೂ ಗೊತ್ತಿತ್ತು."

"ಮತ್ತ ಒಬ್ಬರೂ ಯಾಕ ಹೇಳಲಿಲ್ಲ?"

"ನಾ ಒಮ್ಮೆ ಹೇಳಿದ್ನಿರಿ. 'ನನ್ನ ಕಂಪ್ಯೂಟರ್ ಸೊನ್ನಿ ತೋರಸ್ತೈತಿ, ನಿನ್ನ ಸೆಟ್ ನೋಡ್ಕೋ ತಂಗಿ' ಅಂದ್ರಿ. ಎಲ್ಲಾರೂ ಕೇಳಿಸ್ಕೊಂಡ್ರು. ಆಮ್ಯಾಲೆ ಯಾರು ಹೇಳ್ತಾರ್ರಿ?"

ಮೇಷ್ಟ್ರು ಎದ್ದು ಮನೆಗೆ ಹೋದರು.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಶಿಷ್ಯ, "ಅವರು ಆಮೇಲಾದರೂ ಸೆಟ್ಟನ್ನು ಸರಿಪಡಿಸಿಕೊಂಡರೇ?" ಎಂದ.

"ಅದು ಹತ್ತು ನಿಮಿಷದ ಕೆಲಸ, ಮಾಡಿಕೊಂಡರು. ನೀನು ಹೇಳು, ಮೊಟ್ಟಮೊದಲ ಸಲ ನಿನ್ನ ಮಾತು ತಪ್ಪು ಎಂದವನಿಗೆ ನೀನು ಏನೆಂದಿದ್ದೆ?"

ಶಿಷ್ಯನಿಗೆ ಮೊದಲ ವರ್ಷ ತಾನು ಗದರಿಸಿ ಕೂರಿಸಿದ್ದ ಹುಡುಗನೊಬ್ಬ ನೆನಪಾದ.