ಬೇಡವಾದ ಗೂಡು

ನೇಯ್ಗೆಯ ಪಾಠವನ್ನು ಆಗಷ್ಟೇ ಮುಗಿಸಿದ್ದ ತರುಣ ಗೀಜಗ, ಬಾವಿಯ ಮೇಲೆ ಬಾಗಿದ ಜಾಲಿಮರದಲ್ಲಿ ಗೂಡು ಕಟ್ಟಿ ಹೆಣ್ಣುಹಕ್ಕಿಯೊಂದನ್ನು ಕರೆದ.

“ಇದಕ್ಕೆ ಮೊದಲು ಎಷ್ಟು ಕಟ್ಟಿದ್ದೀ?” ಎಂದಳು ಅವಳು.

“ಇದೇ ಮೊದಲನೆಯದು.”

“ಅನುಭವವಿಲ್ಲದವನ ಗೂಡಿನಲ್ಲಿ ಮೊಟ್ಟೆ ಇಡಲಾರೆ.”

“ಅನುಭವವೇನು ಸಂತೆಯಲ್ಲಿ ಸಿಗುತ್ತದೆಯೇ?” ಎಂದು ಗೊಣಗುತ್ತ ಗೀಜಗ ಪಕ್ಕದ ಕೊಂಬೆಯಲ್ಲಿ ಇನ್ನೊಂದನ್ನು ನೇಯತೊಡಗಿದ. ಬೇಡವಾದ ಗೂಡಿಗೆ ಪುಟ್ಟ ರಾಟವಾಳ ಹಕ್ಕಿಯೊಂದು ಬಂದು ಸಂಸಾರ ಹೂಡಿತು.

ಕೆಲವು ವಾರಗಳ ಮೇಲೆ ಮತ್ತೊಬ್ಬಳು ಬಂದು ಅದೇ ಪ್ರಶ್ನೆ ಕೇಳಿದಳು. ಗೀಜಗ ತಲೆ ತಗ್ಗಿಸಿದ. ಆಗ ರಾಟವಾಳ ಹಳೆಯ ಗೂಡಿನಿಂದ ಇಣುಕಿ ಹೇಳಿತು: “ಇವನು ಕಟ್ಟಿದ್ದು ಇಲ್ಲಿದೆ ನೋಡಮ್ಮ. ನಿನ್ನೆಯ ಬಿರುಗಾಳಿಗೆ ಮರವೇ ಬಗ್ಗಿತು, ನನ್ನ ಮರಿಗಳಿಗೆ ಎಚ್ಚರವಾಗಲಿಲ್ಲ.”

ಹೆಣ್ಣುಹಕ್ಕಿ ಹೊಸ ಗೂಡಿನೊಳಗೆ ಹೊಕ್ಕಳು. ಅದರ ಒಳಗೋಡೆಗೆ ಮೆತ್ತಲೆಂದು ಗೀಜಗ ಹಸಿಮಣ್ಣು ತರಲು ಹಾರಿದ. ತಂದ ಮೊದಲ ಮುದ್ದೆಯನ್ನು ಮೆತ್ತಿದ್ದು ಮಾತ್ರ ರಾಟವಾಳದ ಗೂಡಿಗೆ.