ಒನಕೆಯ ಮೂರು ಪೆಟ್ಟು

ಬಲು ಹಿಂದೆ, ಹೊಳೆ ಹೋಗಿ ಕಡಲು ಸೇರುವ ಕಡೆ ಒಂದು ಊರಿತ್ತಂತೆ. ಊರೆಂದರೆ ನಮ್ಮದೇ ಊರು. ಹೇಳಿಕೊಳ್ಳಲು ನಾಚಿಕೆ, ಅದಕ್ಕೇ ಹೀಗೆ ‘ಒಂದು ಊರು’ ಎಂದು ಶುರು ಮಾಡುತ್ತೇವೆ.

ಆ ಊರಿನ ದೊಡ್ಡಮನೆಯವರು ಹಡಗಿನಿಂದ ಇಳಿಸಿದ ಹೆಂಗಸೊಬ್ಬಳನ್ನು ಅಕ್ಕಿ ಕೊಟ್ಟು ಕೊಂಡು ತಂದರಂತೆ. ಬಂದದ್ದು ಮಂಗಳವಾರ, ಅದಕ್ಕೆ ಅಂಗಾರೆ ಎಂದು ಕರೆದರಂತೆ. ನಿನ್ನ ಹೆಸರೇನೆಂದು ಯಾರೂ ಕೇಳಲಿಲ್ಲ. ಅವಳಿಗೆ ಆ ಮನೆಯ ಕೊಟ್ಟಿಗೆಯಲ್ಲಿ ಒಂದು ಹೆಣ್ಣುಮಗು ಹುಟ್ಟಿತು. ಶುಕ್ರವಾರ ಹುಟ್ಟಿದ್ದಕ್ಕೆ ಅದು ತುಕ್ರಿ.

ಅಂಗಾರೆಯ ಕೆಲಸ ಭತ್ತ ಕುಟ್ಟುವುದು. ಬೆಳಗಿನಿಂದ ಬೈಗಿನವರೆಗೆ ಕುಟ್ಟಬೇಕು, ಕುಟ್ಟುವಷ್ಟು ಹೊತ್ತೂ ಹಾಡಬೇಕು. ಹಾಡುವ ಬಾಯಿ ಮೆಲ್ಲುವುದಿಲ್ಲ ಎಂಬುದು ಒಡತಿಯ ಶಾಸ್ತ್ರ. ಒಳಗೆ ಕೂತು ಕಿವಿ ಕೊಟ್ಟಿರುತ್ತಿದ್ದಳಂತೆ. ಹಾಡು ನಿಂತರೆ ಅಕ್ಕಿ ತಿಂದಳೆಂದೇ ಲೆಕ್ಕ, ಬೆನ್ನಿಗೆ ಬರೆಯೇ ಗತಿ.

ಅಂಗಾರೆ ನಮ್ಮ ಮಾತು ಕಲಿತು ತಾನೇ ಒಂದು ಪದ ಕಟ್ಟಿದಳಂತೆ.

‘ಏಳು ಒನಕೆ ಏಳು, ಬೀಳು ಒನಕೆ ಬೀಳು,
ಒಡೆಯರ ಕಣಜ ತುಂಬಲಿ...’

ಅಲ್ಲಿಗೆ ಬಂದರೆ ಪದವಿಲ್ಲ. ಒನಕೆಯ ಮೂರು ಪೆಟ್ಟು ಮಾತ್ರ. ಧಬ್, ಧಬ್, ಧಬ್. ಆಮೇಲೆ ಮತ್ತೆ ಹಾಡು. ಕೇಳಿ ಕೇಳಿ ಒಡತಿಗೂ ಅಭ್ಯಾಸವಾಯಿತು, ಈ ಪದ ಇರುವುದೇ ಹೀಗೆ ಎಂದುಕೊಂಡಳು.

ಒಡತಿಗೆ ದಾರಮ್ಮನೆಂಬ ಎಳೆಯ ಸೊಸೆ ಬಂದಳು. ತೌರು ಬಿಟ್ಟು ಬಂದವಳಿಗೆ ಆ ಮನೆಯಲ್ಲಿ ಹಿತವಾದದ್ದು ಆ ಹಾಡೊಂದೇ. ಒಂದು ದಿನ ಹಿಂಬಾಗಿಲಿಂದ ಇಣುಕಿದಳಂತೆ. ಅಂಗಾರೆ ಬಲಗೈಯಲ್ಲಿ ಒನಕೆ ಬಿಡದೆ, ಎಡಗೈಯಲ್ಲಿ ಒಂದು ಚಿಟಿಕೆ ನುಚ್ಚು ತೆಗೆದು ಮಗುವಿನ ಬಾಯಿಗೆ ಇಟ್ಟಳು. ಮೂರು ಪೆಟ್ಟಿಗೆ ಮೂರು ಚಿಟಿಕೆ. ತಾನು ಒಂದು ಕಾಳೂ ಮುಟ್ಟಲಿಲ್ಲ. ಇಬ್ಬರ ಕಣ್ಣೂ ಕಲೆತವು. ದಾರಮ್ಮ ನಕ್ಕು ಬಾಗಿಲು ಮುಚ್ಚಿದಳು. ಯಾರಿಗೂ ಹೇಳಲಾರಳೆಂದು ಅಂಗಾರೆ ನಂಬಿದಳಂತೆ.

ಹೇಳಿದಳು ಮಕ್ಕಳೇ. ನಾದಿನಿಯ ಮದುವೆಯಲ್ಲಿ ನೆಂಟರ ಹೆಂಗಸರು ಹೊಸ ಸೊಸೆಗೆ ಪದ ಹೇಳಲು ಒತ್ತಾಯ ಮಾಡಿದರು. ಇವಳು ಅದೇ ಪದ ಹೇಳಿದಳು, ಮೂರು ಪೆಟ್ಟಿನ ಕಡೆ ಬಾಯಿ ನಿಲ್ಲಿಸಿ. “ಎಂತಕೆ ಹೆಣ್ಣೆ, ಅಲ್ಲಿ ಬಾಯ್ ಕಟ್ತ್?” ಎಂದು ಒಬ್ಬಳು ಚುಡಾಯಿಸಿದಳು. ಎಲ್ಲರ ನಡುವೆ ಮಿಂಚುವ ಆಸೆ ಇವಳಿಗೆ. “ಅಲ್ಲಿ ಅಂಗಾರೆ ಮಗಳ ಬಾಯಿಗ್ ನುಚ್ಚ್ ಹಾಕುದ್!” ಎಂದುಬಿಟ್ಟಳು. ಚಪ್ಪರವೆಲ್ಲ ನಕ್ಕಿತು. ಅತ್ತೆಯೂ ನಕ್ಕಳಂತೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಮರುದಿನ ಬೆಳಿಗ್ಗೆ ಮದುಮಗಳ ದೋಣಿಗೆ ಬಳುವಳಿಯ ಪಾತ್ರೆಗಳ ಜೊತೆ ತುಕ್ರಿಯನ್ನೂ ಹತ್ತಿಸಿದರು. ಇನ್ನು ಮೇಲೆ ಆ ಮೂರು ಪೆಟ್ಟಿಗೆ ‘ಹೂಂ ಒಡೆಯಾ, ಹೂಂ ಒಡೆಯಾ, ಹೂಂ’ ಎನ್ನಬೇಕೆಂದು ಅಂಗಾರೆಗೆ ಕಟ್ಟಪ್ಪಣೆಯಾಯಿತು. ಅಂಗಾರೆ ಒಡತಿಯ ಕಡೆ ನೋಡಲಿಲ್ಲ, ದಾರಮ್ಮನ ಕಡೆ ನೋಡಿದಳಂತೆ. ‘ನಾನು ಹೇಳಿದ್ದು ಸುಳ್ಳು’ ಎಂದು ದಾರಮ್ಮ ಒಂದು ಮಾತು ಆಡಿದ್ದರೆ ಆಗುತ್ತಿತ್ತೇನೋ. ನಿನ್ನೆ ಅಷ್ಟು ಉದ್ದವಿದ್ದ ನಾಲಿಗೆ ಅಂದು ಏಳಲಿಲ್ಲ. ದೋಣಿ ಹೋಯಿತು.

ಅಂಗಾರೆ ಒಂಬತ್ತು ದಿನ ‘ಹೂಂ ಒಡೆಯಾ’ ಎಂದಳಂತೆ. ಹತ್ತನೆಯ ದಿನ ಮೂರು ಪೆಟ್ಟು ಬರಿದೇ ಬಿದ್ದವು, ಆಮೇಲೆ ಹಾಡು ಬರಲಿಲ್ಲ. ಹೋಗಿ ನೋಡಿದರೆ ಒನಕೆ ಗೋಡೆಗೆ ಒರಗಿತ್ತು, ಅವಳಿಲ್ಲ. ಒಡತಿ ಮೊದಲು ಅಕ್ಕಿ ಅಳೆದಳಂತೆ. ಒಂದು ಪಾವೂ ಕಡಿಮೆಯಿರಲಿಲ್ಲ.

ಹೊಳೆಯ ದಂಡೆ ಹಿಡಿದು ಮಗಳನ್ನು ಹುಡುಕುತ್ತ ಹೋದಳು ಎನ್ನುತ್ತಾರೆ. ಅವಳು ದಾಟುವಾಗ ಹೊಳೆಯೇ ಮೊಣಕಾಲಿಗೆ ಇಳಿಯಿತು ಎನ್ನುತ್ತಾರೆ. ತಾಯಿಗೆ ಮಗಳು ಸಿಕ್ಕಿದಳು ಎಂದೂ ಹೇಳುವವರಿದ್ದಾರೆ. ಅದು ನಮ್ಮ ಸಮಾಧಾನಕ್ಕೆ ನಾವೇ ಸೇರಿಸಿದ್ದೋ ಏನೋ.

ಹಾಡು ಮಾತ್ರ ದಿಬ್ಬಣದ ಜೊತೆ ಊರೂರು ಸುತ್ತಿತು. ‘ಹೂಂ ಒಡೆಯಾ’ ಬಂದಲ್ಲಿ ಚಪ್ಪಾಳೆ, ನಗು. ಅದಿಲ್ಲದೆ ಮದುವೆಯೇ ಇಲ್ಲವೆಂಬಷ್ಟಾಯಿತು. ದಾರಮ್ಮನ ತಲೆ ನೆರೆಯಿತು, ಅವಳ ಮೊಮ್ಮಗಳ ಮದುವೆ ಬಂತು. ಹುಡುಗಿಯರು ಅದೇ ಪದ ಹಾಡುತ್ತ, “ಅಜ್ಜಿ, ನೀವೂ ಚಪ್ಪಾಳೆ ತಟ್ಟಿ” ಎಂದರು. ಅಜ್ಜಿ ಎದ್ದು ನಿಂತಳಂತೆ. ಬೀಗರ ಎದುರೇ, “ಈ ಪದ ಕಟ್ಟದ್ ಅಂಗಾರೆ. ಹಾಳ್ ಮಾಡದ್ ನಾನ್” ಎಂದು ನಡೆದದ್ದೆಲ್ಲ ಹೇಳಿದಳು. ಯಾರಿಗೂ ತಲೆ ಎತ್ತಲಾಗಲಿಲ್ಲ.

ಬೇರೆ ಊರುಗಳಲ್ಲಿ ಇಂದಿಗೂ ಚಪ್ಪಾಳೆಯೇ. ನಮ್ಮೂರಲ್ಲಿ ಮಾತ್ರ ಅಲ್ಲಿಗೆ ಬಂದರೆ ಎಲ್ಲರೂ ಬಾಯಿ ಮುಚ್ಚುತ್ತೇವೆ. ಒನಕೆ ಮೂರು ಸಲ ಬೀಳುತ್ತದೆ. ತಾಯಂದಿರು ಮಕ್ಕಳ ಬಾಯಿಗೆ ಮೂರು ಚಿಟಿಕೆ ನುಚ್ಚು ಇಡುತ್ತಾರೆ. ಆಮೇಲೆ ಅವಳನ್ನು ನೆನೆದು ಕೈ ಮುಗಿಯುತ್ತೇವೆ. ಹೆಸರು ಹಿಡಿದು ಕರೆಯೋಣವೆಂದರೆ ನಮಗೆ ಗೊತ್ತಿರುವುದು ವಾರದ ಹೆಸರು ಮಾತ್ರ.