ಪೆನ್‌ಡ್ರೈವ್ ಕಟ್ಟಿದ ಗಂಟು

ಭೀಮನ ಅಮಾವಾಸ್ಯೆಯ ದಿನ ಪೆನ್‌ಡ್ರೈವ್ ಮೊದಲ ಸಲ ಮನೆ ಬಿಟ್ಟು ನೆಂಟರ ಮನೆಗೆ ಹೊರಟಿತು. ತುಂಗಮ್ಮ ಮನೆಯಲ್ಲೇ ಕೂತು ರೆಕಾರ್ಡ್ ಮಾಡಿದ ಸೋಬಾನೆ ಹಾಡುಗಳ ನಕಲೆಲ್ಲ ಅದರ ಬಗಲಲ್ಲಿತ್ತು.

"ಕಾಲಿಗೆ ಚಕ್ರ ಕಟ್ಟಿಕೊಂಡವನೇ, ನನ್ನ ನೋಡಿ ಕಲಿ!" ಎಂದು ಕಂಪ್ಯೂಟರ್ ಮೂದಲಿಸಿತು. "ಒಂದೊಂದು ಹಾಡಿಗೂ ಫೈನಲ್, ಹೊಸ ಫೈನಲ್, ದೇವರಾಣೆ ಫೈನಲ್ ಅಂತ ಮೂರು ನಕಲು. ಎಲ್ಲ ನನ್ನ ಹೊಟ್ಟೆಯೊಳಗೇ ಭದ್ರ."

ಮರುವಾರ ತುಂಗಮ್ಮನ ಕೈಯಿಂದ ಸಾರಿನ ಪಾತ್ರೆ ಜಾರಿ ಮೇಜಿನ ಮೇಲೆಲ್ಲ ಚೆಲ್ಲಿತು. ಕಂಪ್ಯೂಟರಿನ ಹೊಟ್ಟೆ ಸುಟ್ಟು, ದೇವರಾಣೆ ಫೈನಲ್ ಸಮೇತ ಎಲ್ಲ ಹಾಡೂ ಹೋಯಿತು. ತುಂಗಮ್ಮ ತಲೆ ಮೇಲೆ ಕೈ ಹೊತ್ತು ಕೂತರು.

ಸುದ್ದಿ ಕೇಳಿ ಪೆನ್‌ಡ್ರೈವ್ ಓಡಿ ಬಂತು. ಹೊಸ ಹೊಟ್ಟೆ ಹಾಕಿಸಿಕೊಂಡಿದ್ದ ಕಂಪ್ಯೂಟರಿಗೆ ಒಂದೊಂದೇ ಹಾಡು ಉಣಿಸಿತು.

"ಅಣ್ಣಾ, ಇನ್ನು ಎಲ್ಲೂ ಹೋಗಬೇಡ, ನನ್ನ ಪಕ್ಕದಲ್ಲೇ ಇರು," ಎಂದು ಕಂಪ್ಯೂಟರ್ ಅಂಗಲಾಚಿತು.

"ಪಕ್ಕದಲ್ಲೇ ಇದ್ದಿದ್ದರೆ ಅವತ್ತು ನಾನೂ ಸಾರಿನಲ್ಲಿ ಬೇಯುತ್ತಿದ್ದೆನಪ್ಪಾ," ಎನ್ನುತ್ತ ಪೆನ್‌ಡ್ರೈವ್ ಹೊಸ ಹಾಡುಗಳ ಗಂಟು ಕಟ್ಟತೊಡಗಿತು.